ಭಾಜಕಗಳ ಬೆನ್ನು ಹತ್ತಿದ ರಾಮಾನುಜನ್

ಅವಿಭಾಜ್ಯ ಸಂಖ್ಯೆಗೆ 1 ಮತ್ತು ಅದೇ ಸಂಖ್ಯೆಯನ್ನು ಬಿಟ್ಟರೆ ಬೇರೆ ಭಾಜಕವಿಲ್ಲ. 1914ರ ಏಪ್ರಿಲ್‌ನಲ್ಲಿ ಕೇಂಬ್ರಿಜ್ ಸೇರಿದ ಶ್ರೀನಿವಾಸ ರಾಮಾನುಜನ್ ಇದಕ್ಕೆ ತೀರಾ ವಿರುದ್ಧ ಸ್ವಭಾವದ ಸಂಖ್ಯೆಗಳ ಬೆನ್ನು ಹತ್ತಿದರು. ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳು ಇರುವಂಥವು ಅವು. 2, 4, 6, 12, 24, 36, 48, 60, 120 ಎಂದು ಸಾಗುವ ಈ ಸಾಲಿಗೆ ‘ಅತಿ ಸಂಯುಕ್ತ ಸಂಖ್ಯೆ’ಗಳೆಂದು ಹೆಸರಿಟ್ಟು, 1915ರಲ್ಲಿ ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ನೀಳ ಪ್ರಬಂಧ ಪ್ರಕಟಿಸಿದರು.

ಈ ಸಾಲಿನಲ್ಲಿ 12 ಇದೆ, 18 ಇಲ್ಲ. ಎರಡಕ್ಕೂ ಆರಾರು ಭಾಜಕಗಳೇ. 18 ಅಂದರೆ ಒಂದು 2, ಎರಡು 3ಗಳ ಗುಣಲಬ್ಧ. ಘಾತಗಳನ್ನು ಅದಲುಬದಲು ಮಾಡಿ ಎರಡು 2, ಒಂದು 3 ತೆಗೆದುಕೊಂಡರೆ ಭಾಜಕಗಳ ಎಣಿಕೆ ಹಾಗೇ ಉಳಿದು ಸಂಖ್ಯೆ ಮಾತ್ರ 12ಕ್ಕೆ ಇಳಿಯುತ್ತದೆ. ಹಾಗಾಗಿ ಈ ಸಂಖ್ಯೆಗಳಲ್ಲಿ 2ರ ಘಾತಕ್ಕಿಂತ 3ರದ್ದು, 3ರದ್ದಕ್ಕಿಂತ 5ರದ್ದು ಎಂದೂ ಹೆಚ್ಚಿರಲಾರದು. ಕೊನೆಯ ಅವಿಭಾಜ್ಯದ ಘಾತ ಯಾವಾಗಲೂ 1. ಈ ನಿಯಮ ಮುರಿಯುವವು 4 ಮತ್ತು 36 ಎರಡೇ ಎಂದೂ ರಾಮಾನುಜನ್ ಸಾಧಿಸಿ ತೋರಿಸಿದರು. ಅವಿಭಾಜ್ಯಗಳಿಂದ ಬಹುದೂರ ಇರುವಂತೆ ಕಾಣುವ ಸಂಖ್ಯೆಗಳ ಮೈಕಟ್ಟನ್ನು ಅವಿಭಾಜ್ಯಗಳೇ ಇಷ್ಟು ಬಿಗಿಯಾಗಿ ಹಿಡಿದಿವೆ ಎಂಬುದೇ ಈ ಪ್ರಬಂಧದ ಸೊಗಸು.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅವರ ಪಟ್ಟಿ 10,080 ಭಾಜಕಗಳುಳ್ಳ 67,46,32,83,88,800ರವರೆಗೆ ಹೋಯಿತು. ನಡುವೆ ಒಂದು ಸಂಖ್ಯೆ ಮಾತ್ರ ಕೈತಪ್ಪಿತು: 2,93,31,86,25,600. ಅದಕ್ಕೆ 5,040 ಭಾಜಕಗಳು. ಅದನ್ನು 23ರಿಂದ ಗುಣಿಸಿದರೆ ಸಿಗುವುದು ಪಟ್ಟಿಯ ಕೊನೆಯ ಸಂಖ್ಯೆಯೇ! ಅಷ್ಟು ದೊಡ್ಡ ಲೆಕ್ಕದಲ್ಲಿ ಬಿಟ್ಟುಹೋದದ್ದು ಇದೊಂದೇ ಎಂಬುದು ಆ ಕೈಬರಹದ ದುಡಿಮೆಯ ಮೇಲಿನ ಗೌರವವನ್ನು ಹೆಚ್ಚಿಸುತ್ತದೆ.

1916ರ ಮಾರ್ಚ್‌ನಲ್ಲಿ ಇದೇ ಸಂಶೋಧನೆಗೆ ಕೇಂಬ್ರಿಜ್ ಅವರಿಗೆ ಬಿ.ಎ. ಪದವಿ ನೀಡಿತು.

ಆದರೆ ಪ್ರಬಂಧ ಪೂರ್ತಿ ಅಚ್ಚಾಗಿರಲಿಲ್ಲ. ಸೊಸೈಟಿಗೆ ಆಗ ಹಣದ ಮುಗ್ಗಟ್ಟು. ಒಂದು ಭಾಗ ಹಸ್ತಪ್ರತಿಯಲ್ಲೇ ಉಳಿಯಿತು. ಇತ್ತ 1984ರಲ್ಲಿ ಫ್ರಾನ್ಸಿನ ಗೀ ರೋಬಾ, ಭಾಜಕಗಳ ಮೊತ್ತಕ್ಕೆ ಒಂದು ಮಿತಿ ಹೇಳಿದರು. 5,040ರ ನಂತರದ ಯಾವ ಸಂಖ್ಯೆಯೂ ಆ ಮಿತಿ ತಲುಪದಿದ್ದರೆ ಅವಿಭಾಜ್ಯಗಳ ಹಂಚಿಕೆಗೆ ಸಂಬಂಧಿಸಿದ, ಇಂದಿಗೂ ಬಗೆಹರಿಯದ ರೀಮಾನ್ ಊಹೆ ನಿಜ, ತಲುಪಿದರೆ ಸುಳ್ಳು. ಮುಂದೆ ಅವರೂ ಝಾನ್-ಲೂಯಿ ನಿಕೋಲಾ ಅವರೂ ಉಳಿದ ಭಾಗವನ್ನು ಟಿಪ್ಪಣಿಗಳೊಡನೆ 1997ರಲ್ಲಿ ‘ರಾಮಾನುಜನ್ ಜರ್ನಲ್’ನಲ್ಲಿ ಪ್ರಕಟಿಸಿದರು. ಆ ಊಹೆ ನಿಜವೆಂದಿಟ್ಟುಕೊಂಡರೆ ಸಾಕಷ್ಟು ದೊಡ್ಡ ಸಂಖ್ಯೆಗಳೆಲ್ಲ ಇದೇ ಮಿತಿಯೊಳಗಿರುತ್ತವೆ ಎಂಬ ಫಲಿತಾಂಶಕ್ಕೆ ಬೇಕಾದದ್ದು ಆ ಹಾಳೆಗಳಲ್ಲಿ ಆಗಲೇ ಇತ್ತು.