ಪೋಲೀಸು ವ್ಯವಸ್ಥೆಯ ಎರಡು ಕವಲುಗಳು

ಪ್ರಜೆಗಳ ರಕ್ಷಣೆಗೆಂದು ಏರ್ಪಟ್ಟ ಪೋಲೀಸು ಪ್ರಜೆಗಳಿಗೇ ಭಯಾಸ್ಪದವಾದುದು ಹೇಗೆಂಬುದನ್ನು ತಿಳಿಯಬೇಕಾದರೆ, ಅದರ ಮೂಲಪುರುಷನೆನಿಸಿದ ಸರ್ ರಾಬರ್ಟ್ ಪೀಲನು ಕೈಕೊಂಡ ಎರಡು ಕಾರ್ಯಗಳನ್ನು ಒಟ್ಟಿಗೆ ಇಟ್ಟು ನೋಡತಕ್ಕದ್ದು.

ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿದ್ದಾಗ ಪೀಲನು 1814 ರಲ್ಲಿ ಶಾಂತಿರಕ್ಷಕ ದಳವೊಂದನ್ನು ಸ್ಥಾಪಿಸಿದನು. ಅದರ ತರುವಾಯ ಬೆಳೆದ ಐರಿಷ್ ಕಾನ್‌ಸ್ಟೆಬಲರಿಯು ಆಯುಧ ಧರಿಸಿ, ಜನರಿಂದ ದೂರವಾಗಿ ಬ್ಯಾರಕುಗಳಲ್ಲಿ ವಾಸಿಸುತ್ತ, ಪರಾಧೀನ ದೇಶವನ್ನು ಹತೋಟಿಯಲ್ಲಿಡುವ ಸೈನ್ಯದಂತಿದ್ದಿತು. ಅದೇ ಪೀಲನು ಗೃಹಮಂತ್ರಿಯಾಗಿ 1829 ರಲ್ಲಿ ಲಂಡನ್ನಿಗೆ ಕೊಟ್ಟ ಪೋಲೀಸಿನ ರೀತಿಯೇ ಬೇರೆ. ಸೈನಿಕರ ಕೆಂಪಂಗಿಯನ್ನು ಬಿಟ್ಟು ಅವರಿಗೆ ನೀಲಿಯಂಗಿಯನ್ನು ತೊಡಿಸಲಾಯಿತು. ಸಾಮಾನ್ಯವಾಗಿ ಅವರ ಕೈಯಲ್ಲಿದ್ದುದು ಮರದ ದೊಣ್ಣೆ ಮಾತ್ರ. ತಪ್ಪಿದವನನ್ನು ಪ್ರಜೆಯು ಗುರುತಿಸಲೆಂದು ಕೊರಳಪಟ್ಟಿಯ ಮೇಲೆ ಅಂಕೆಯಿದ್ದಿತು. ಮೊದಲ ಕಮಿಷನರುಗಳಾದ ರೋವನ್, ಮೇನ್ ಇವರ ಕಾಲದ ನಿರೂಪಗಳು ಅಪರಾಧವನ್ನು ತಡೆಯುವುದೇ ಮುಖ್ಯೋದ್ದೇಶವೆಂದೂ, ಅಪರಾಧವಿಲ್ಲದಿರುವುದೇ ದಕ್ಷತೆಗೆ ಪ್ರಮಾಣವೆಂದೂ ವಿಧಿಸಿದವು. ಪೀಲನ ಒಂಬತ್ತು ಸೂತ್ರಗಳೆಂದು ಪ್ರಸಿದ್ಧವಾದುವು ಮಾತ್ರ ಅವನ ಬರಹವಲ್ಲ. 20 ನೆಯ ಶತಮಾನದಲ್ಲಿ ಚರಿತ್ರಕಾರರು ಪೋಣಿಸಿದವು.

ಲಂಡನ್ನಿನಲ್ಲಿಯೂ ಆದರ್ಶವು ಬಹುಕಾಲ ನಿಷ್ಕಳಂಕವಾಗಿ ಉಳಿಯಲಿಲ್ಲ. ಪೋಪೇ ಎಂಬ ಸಾರ್ಜೆಂಟನು ವೇಷ ಮರೆಸಿ ರಾಜಕೀಯ ಸಂಘವೊಂದರಲ್ಲಿ ಸೇರಿ ಬೇಹು ನಡೆಸಿದುದು 1833 ರಲ್ಲಿ ಬಯಲಾಗಿ, ಪಾರ್ಲಿಮೆಂಟಿನ ಸಮಿತಿಯ ಖಂಡನೆಗೆ ಗುರಿಯಾಯಿತು. ಆದರೆ ಅಲ್ಲಿ ಹಾಗೆ ಕೇಳುವವರಿದ್ದರು ಎಂಬುದನ್ನು ಮರೆಯಲಾಗದು.

ಭಾರತಕ್ಕೆ ಬಂದುದು ಲಂಡನ್ನಿನ ಕವಲಲ್ಲ, ಐರ್ಲೆಂಡಿನದು. ನೇಪಿಯರನು 1843 ರಲ್ಲಿ ಸಿಂಧ ಪ್ರಾಂತವನ್ನು ಗೆದ್ದ ಬಳಿಕ ಐರಿಷ್ ಮಾದರಿಯಲ್ಲಿ ಅಲ್ಲಿಯ ಪೋಲೀಸನ್ನು ಕಟ್ಟಿದನು. ಬಳ್ಳಾರಿ, ದಕ್ಷಿಣ ಕನ್ನಡಗಳು ಆಗ ಸೇರಿದ್ದ ಮದರಾಸು ಆಧಿಪತ್ಯದಲ್ಲಿ, ಕಂದಾಯ ವಸೂಲಿಗಾಗಿಯೂ ತಪ್ಪೊಪ್ಪಿಗೆಗಾಗಿಯೂ ರೈತರನ್ನು ಚಿತ್ರಹಿಂಸೆಗೆ ಗುರಿಮಾಡುತ್ತಿದ್ದುದನ್ನು 1855 ರ ವಿಚಾರಣಾ ಸಮಿತಿಯು ಪ್ರಕಟಪಡಿಸಿತು. ಈ ಪೀಡೆಯನ್ನು ನಿವಾರಿಸಲೆಂದು ಕಂದಾಯದಿಂದ ಪೋಲೀಸನ್ನು ಬೇರ್ಪಡಿಸುವ ಶಾಸನವು 1859 ರಲ್ಲಿ ಮದರಾಸಿನಲ್ಲಿ ಹುಟ್ಟಿತು. ಉದ್ದೇಶವು ಒಳ್ಳೆಯದೇ. ಆದರೆ ಎರಡು ವರ್ಷಗಳ ಬಳಿಕ ಬಂದ 1861 ರ ಪೋಲೀಸು ಶಾಸನವು ಜಿಲ್ಲೆಯ ಪೋಲೀಸನ್ನು ಜಿಲ್ಲಾ ಮ್ಯಾಜಿಸ್ಟ್ರೇಟನ ಹತೋಟಿಗೆ ಒಪ್ಪಿಸಿತೇ ಹೊರತು, ಪ್ರಜೆಗಳಿಗೆ ಲೆಕ್ಕವೊಪ್ಪಿಸುವ ದಾರಿಯನ್ನು ಕಾಣಿಸಲಿಲ್ಲ. ಫಲವೇನು? ಪೋಲೀಸರು ದಕ್ಷರಲ್ಲವೆಂದೂ, ಲಂಚಗುಳಿಗಳೆಂದೂ ಪೀಡಕರೆಂದೂ ಜನರು ಭಾವಿಸುವರೆಂದೂ 1902-03 ರ ಫ್ರೇಜರ್ ಆಯೋಗವೇ ಹೇಳಬೇಕಾಯಿತು.

ಆ ಅವಿಶ್ವಾಸವು ಕಾನೂನಿನಲ್ಲಿಯೇ ಅಚ್ಚೊತ್ತಿದೆ. ಪೋಲೀಸು ಶಾಸನವು ಬಂದ 1861 ರಲ್ಲಿಯೇ, ಪೋಲೀಸರೆದುರಿಗೆ ಮಾಡಿದ ತಪ್ಪೊಪ್ಪಿಗೆಯನ್ನು ಪ್ರಮಾಣವಾಗಿ ಬಳಸಬಾರದೆಂದು ದಂಡಪ್ರಕ್ರಿಯಾ ಸಂಹಿತೆಯು ವಿಧಿಸಿತು. 1872 ರ ಸಾಕ್ಷ್ಯ ಶಾಸನವು ಆ ನಿಯಮವನ್ನು ಮುಂದುವರಿಸಿತು. ಸ್ವತಂತ್ರ ಭಾರತದ 2023 ರ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಠಾಣೆಯೊಳಗಿನ ನಿಸ್ಸಹಾಯಕನಿಗೆ ಈ ನಿಯಮವು ಇಂದಿಗೂ ಅವಶ್ಯವಾಗಿರುವವರೆಗೆ, 1829 ರ ಆದರ್ಶವು ಈ ನೆಲದಲ್ಲಿ ಬೇರೂರಿತೆಂದು ಹೇಳಲಾಗದು.