ಮೂಗಿನ ಮರುಶಸ್ತ್ರಚಿಕಿತ್ಸೆ: ಅತೃಪ್ತಿ, ಕಾಲ ಮತ್ತು ಮೃದ್ವಸ್ಥಿ

ಚೆಲುವಿಗಾಗಿ ಮೂಗು ತಿದ್ದಿಸಿಕೊಂಡವರಲ್ಲಿ ಒಂದಷ್ಟು ಮಂದಿ ಮತ್ತೆ ಶಸ್ತ್ರವೈದ್ಯರ ಬಳಿಗೆ ಬರುತ್ತಾರೆ. ಮರುಶಸ್ತ್ರಚಿಕಿತ್ಸೆಯ ಪ್ರಮಾಣ ವೈದ್ಯಕೀಯ ಬರಹಗಳಲ್ಲಿ ಸಾಮಾನ್ಯವಾಗಿ ಶೇ. 5ರಿಂದ 15 ಎಂದು ದಾಖಲಾಗಿದೆ. ಅತೃಪ್ತಿ ಇದ್ದೂ ಇನ್ನೊಮ್ಮೆ ಚಾಕುವಿಗೆ ಒಪ್ಪದವರು ಈ ಲೆಕ್ಕಕ್ಕೆ ಸಿಗುವುದಿಲ್ಲ. ಬಂದವರ ದೂರುಗಳನ್ನೆಲ್ಲ ‘ಅತೃಪ್ತಿ’ ಎಂಬ ಒಂದೇ ಗಂಟಿನಲ್ಲಿ ಕಟ್ಟಿಡುವುದರಿಂದ ನಿಜವಾದ ದೋಷವುಳ್ಳವರಿಗೆ ಅನ್ಯಾಯವಾಗುತ್ತದೆ, ಬೇಡದವರಿಗೆ ಶಸ್ತ್ರಚಿಕಿತ್ಸೆಯಾಗುತ್ತದೆ ಎಂಬುದು ಈ ಲೇಖನದ ವಾದ.

ಈ ವಿದ್ಯೆ ಹುಟ್ಟಿದ್ದು ಕಳೆದುಹೋದ ಮೂಗನ್ನು ಕಟ್ಟಿಕೊಡಲು. ಎಲೆಯ ಅಳತೆಯಿಟ್ಟು ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಸುಶ್ರುತಸಂಹಿತೆಯಲ್ಲಿದೆ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗು ಕಳೆದುಕೊಂಡವನು ಕಂಪನಿ ಸೈನ್ಯದ ಎತ್ತು ಹೊಡೆಯುವ ಕಾವಸ್‌ಜಿ. ಪುಣೆಯ ಬಳಿ ಕುಂಬಾರ ಜಾತಿಯ ಕಸುಬುದಾರನೊಬ್ಬ ಹಣೆಯ ಚರ್ಮ ಇಳಿಸಿ ಅವನಿಗೆ ಮೂಗು ಮಾಡಿಕೊಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬಂದ ಈ ವರದಿಯಿಂದ ಪ್ರೇರಿತನಾದ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅಲ್ಲಿ ಅದನ್ನೇ ಮಾಡಿದ. ಇಂಥ ರೋಗಿ ಹೊಸ ಮೂಗನ್ನು ಹೋಲಿಸುವುದು ಮೂಗಿಲ್ಲದ ತನ್ನ ಮುಖದೊಂದಿಗೆ. 1898ರಲ್ಲಿ ಬರ್ಲಿನ್ನಿನ ಜಾಕ್ ಜೋಸೆಫ್, ದೊಡ್ಡ ಮೂಗಿನ ಸಂಕೋಚದಿಂದ ಜನರ ನಡುವೆ ಓಡಾಡಲಾರದ ಒಬ್ಬಾತನ ಆರೋಗ್ಯವಂತ ಮೂಗನ್ನು ಕಿರಿದಾಗಿಸಿದ. ಅಂಥವನ ಹೋಲಿಕೆ ಮನಸ್ಸಿನಲ್ಲಿ ಬರೆದುಕೊಂಡ ಮೂಗಿನೊಂದಿಗೆ. ಇಂದಿನ ಅತೃಪ್ತಿಯ ಬಹುಪಾಲು ಬೇರು ಈ ಬದಲಾವಣೆಯಲ್ಲಿದೆ.

ಶಸ್ತ್ರಚಿಕಿತ್ಸೆಯಾದ ಮೂಗು ಹಲವು ತಿಂಗಳು ಆಕಾರ ಬದಲಿಸುತ್ತಲೇ ಇರುತ್ತದೆ. ಹೆಚ್ಚಿನ ಬಾವು ಕೆಲವು ವಾರಗಳಲ್ಲಿ ಇಳಿದರೂ ತುದಿಯ ಬಾವು ಇಳಿಯಲು ವರ್ಷ ಹಿಡಿಯಬಹುದು. ತುದಿಯ ಚರ್ಮ ದಪ್ಪಗಿದ್ದರೆ, ನಮ್ಮಲ್ಲಿ ಅನೇಕರದು ಹಾಗೆಯೇ, ಇನ್ನೂ ತಡ. ಮೂರನೆಯ ತಿಂಗಳಲ್ಲಿ ತುದಿಯ ಮೇಲೆ ಕಾಣುವ ಗಿಣಿಕೊಕ್ಕಿನಂಥ ಉಬ್ಬು ಬರೀ ಬಾವಾಗಿರಬಹುದು, ಒಳಗೆ ಬೆಳೆದ ಕಲೆಯಾಗಿರಬಹುದು, ತೆಗೆಯದೆ ಉಳಿಸಿದ ಮೃದ್ವಸ್ಥಿಯೂ ಆಗಿರಬಹುದು. ಬಾವಿನಡಿ ಅಡಗಿದ್ದ ಓರೆಕೋರೆ ವರ್ಷದ ಬಳಿಕ ಹೊರಬೀಳುವುದೂ ಉಂಟು. ಆಕಾರದ ದೂರಿಗೆ ಕನಿಷ್ಠ 12 ತಿಂಗಳು ಕಾಯಿರಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಎರಡನೆಯ ಸಲ ಸಾಮಗ್ರಿಯ ಕೊರತೆಯೂ ಎದುರಾಗುತ್ತದೆ. ಆಸರೆ ಕೊಡಲು ಮೊದಲು ಬಳಸುವುದು ಮೂಗಿನ ನಡುಗೋಡೆಯ ಮೃದ್ವಸ್ಥಿಯನ್ನು. ಅದರಲ್ಲೂ ಮೇಲಂಚು, ಮುಂದಂಚುಗಳಲ್ಲಿ ಸುಮಾರು 1 ಸೆಂ.ಮೀ. ಅಗಲದ ಪಟ್ಟಿ ಉಳಿಸಲೇಬೇಕು. ಇಲ್ಲವಾದರೆ ಮೂಗಿನ ಬೆನ್ನು ಕುಸಿಯುತ್ತದೆ. ನಡುಗೋಡೆಯದು ಮೊದಲೇ ಖರ್ಚಾಗಿದ್ದರೆ ಕಿವಿಯದು ಅಥವಾ ಪಕ್ಕೆಲುಬಿನದು ಬೇಕು. ಕಿವಿಯದು ಮೆತ್ತಗೆ, ಬಾಗಿದ್ದು. ಪಕ್ಕೆಲುಬಿನದು ಬೇಕಾದಷ್ಟು ಸಿಕ್ಕರೂ ಮುಂದೆ ಸೊಟ್ಟಗಾಗಬಹುದು, ಎದೆಯ ಮೇಲೊಂದು ಕಲೆಯೂ ಉಳಿಯುತ್ತದೆ. ಸಣ್ಣ ಓರೆಯೊಂದಕ್ಕಾಗಿ ಇಷ್ಟನ್ನು ತೆರಬೇಕೇ ಎಂಬ ಪ್ರಶ್ನೆಗೆ ಬಹಳ ಸಲ ‘ಬೇಡ’ ಎಂಬುದೇ ಪ್ರಾಮಾಣಿಕ ಉತ್ತರ.

ಉಸಿರಿನ ದೂರು ಬೇರೆಯದೇ ಜಾತಿಯದು. ನಡುಗೋಡೆಗೂ ಪಕ್ಕದ ಮೇಲಿನ ಮೃದ್ವಸ್ಥಿಗೂ ನಡುವಿನ ಕೋನ ಸಹಜವಾಗಿ 10ರಿಂದ 15 ಡಿಗ್ರಿ ಮಾತ್ರ. ಮೂಗಿನ ಬೆನ್ನಿನ ದಿಬ್ಬ ಕೆತ್ತಿದ ಮೇಲೆ ಆ ಮೃದ್ವಸ್ಥಿ ಒಳಕ್ಕೆ ಕುಸಿದರೆ ಗಾಳಿಯ ದಾರಿ ಕಟ್ಟುತ್ತದೆ. ಹೊಳ್ಳೆಯ ಪಕ್ಕದ ಕೆನ್ನೆಯ ಮೇಲೆ ಬೆರಳಿಟ್ಟು ಹೊರಕ್ಕೆಳೆದಾಗ ಉಸಿರು ಸಲೀಸಾದರೆ ಅಲ್ಲೇ ಸಂಶಯಪಡಬೇಕು. ಇದಕ್ಕೆ 1984ರಲ್ಲಿ ಶಸ್ತ್ರವೈದ್ಯ ಜಾಕ್ ಶೀನ್ ವಿವರಿಸಿದ, ಮೃದ್ವಸ್ಥಿಯ ಪಟ್ಟಿಗಳನ್ನು ನಡುವೆ ತೂರಿಸಿ ಕೂರಿಸುವ ವಿಧಾನ ಇಂದಿಗೂ ಬಳಕೆಯಲ್ಲಿದೆ. ಉಸಿರು ಕಟ್ಟುತ್ತಿದೆ ಎಂದವರಿಗೆ “ನೋಡೋಕೆ ಚೆನ್ನಾಗಿದೆಯಲ್ಲ” ಎಂದು ಹೇಳಿ ಕಳಿಸುವುದು ವೈದ್ಯಧರ್ಮವಲ್ಲ. ಮರುಶಸ್ತ್ರಚಿಕಿತ್ಸೆ ಕಾಯಬಹುದು, ಪರೀಕ್ಷೆ ಕಾಯಬಾರದು.

ಆಕಾರದ ದೂರಿಗೆ ಸಾಕ್ಷಿಯಾಗಿ ಹಲವರು ಸೆಲ್ಫಿ ತೋರಿಸುತ್ತಾರೆ. 12 ಅಂಗುಲ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು, 5 ಅಡಿ ದೂರದ ಚಿತ್ರಕ್ಕಿಂತ ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆಂದು 2018ರ ಅಮೆರಿಕನ್ ಅಧ್ಯಯನವೊಂದು ಲೆಕ್ಕ ಹಾಕಿ ತೋರಿಸಿದೆ. ಒಂದೇ ದೂರ, ಒಂದೇ ಬೆಳಕಿನಲ್ಲಿ ತೆಗೆದ ಮೊದಲಿನ ಮತ್ತು ನಂತರದ ಚಿತ್ರಗಳನ್ನಿಟ್ಟುಕೊಂಡೇ ಮಾತಾಡಬೇಕು.

ಇತರರ ಕಣ್ಣಿಗೆ ಬೀಳದ ಕುಂದಿನ ಬಗ್ಗೆ ದಿನಕ್ಕೆ ತಾಸುಗಟ್ಟಲೆ ಕೊರಗುವವರೂ ಇದ್ದಾರೆ. ದೇಹರೂಪದ ಈ ಗೀಳನ್ನು 2013ರ ಅಮೆರಿಕನ್ ಮನೋವೈದ್ಯಕೀಯ ಕೈಪಿಡಿ ಗೀಳುರೋಗಗಳ ಗುಂಪಿಗೆ ಸೇರಿಸಿತು. ಇಂಥವರಿಗೆ ಶಸ್ತ್ರಚಿಕಿತ್ಸೆಯಿಂದ ನೆಮ್ಮದಿ ಸಿಗುವುದು ಅಪರೂಪ; ಮೊದಲು ಬೇಕಾದದ್ದು ಮನೋವೈದ್ಯರ ನೆರವು. ಹಾಗೆಂದು, ತಮ್ಮ ಕೈತಪ್ಪನ್ನು ಮುಚ್ಚಿಕೊಳ್ಳಲು ಶಸ್ತ್ರವೈದ್ಯರು ಈ ಹಣೆಪಟ್ಟಿಯನ್ನು ರೋಗಿಗೆ ಅಂಟಿಸಬಾರದು.

ಮರುಶಸ್ತ್ರಚಿಕಿತ್ಸೆಯ ಯೋಚನೆಯಲ್ಲಿರುವವರು ಮೊದಲನೆಯದರ ಟಿಪ್ಪಣಿಯನ್ನು ಕೇಳಿ ಪಡೆಯಬೇಕು. ಎಷ್ಟು ಮೃದ್ವಸ್ಥಿ ತೆಗೆದರು, ಎಲ್ಲಿ ಕೂರಿಸಿದರು ಎಂಬುದು ತಿಳಿಯುವುದು ಅದರಿಂದಲೇ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಾಗಿನಿಂದ 3 ವರ್ಷ ಕಾಪಾಡಬೇಕು. ರೋಗಿ ಕೇಳಿದರೆ 72 ತಾಸುಗಳೊಳಗೆ ಕೊಡಬೇಕು.