ರಾಜನ ಕೊರಳಿಗೊಂದು ಸಂಖ್ಯೆ

ಹೈದರಾಬಾದಿನ ಬಾಲಾನಗರದ ಕಡೆಯಿಂದ ಪಶ್ಚಿಮಕ್ಕೆ ಹೊರಟು ತಾಂಡೂರು, ಸೇಡಂ ದಾಟಿದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. 1956ರವರೆಗೆ ಇದೂ ಹೈದರಾಬಾದ್ ರಾಜ್ಯದ ಊರೇ. ಸಾವಿರದ ನೂರು ವರ್ಷಗಳ ಹಿಂದೆ ಇದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ಅರಸನನ್ನು ಆರಂಭದಲ್ಲೇ ಹೊಗಳುವ ಇನ್ನೊಂದು ಗ್ರಂಥವಿದೆ: ಕ್ರಿ.ಶ. 850ರ ಸುಮಾರಿಗೆ ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತ ಪದ್ಯಗಳಲ್ಲಿ ಬರೆದ ‘ಗಣಿತಸಾರಸಂಗ್ರಹ’. (ತೀರ್ಥಂಕರ ಮಹಾವೀರ ಬೇರೆ, ಈತ ಬೇರೆ.)

ಏಕ, ದಶ, ಶತದಿಂದ ಹೊರಟು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಡುವ ಪುಸ್ತಕ ಅದು. ಅಷ್ಟು ದೊಡ್ಡ ಸಂಖ್ಯೆ ಯಾವ ವ್ಯಾಪಾರಿಗೂ ಬೇಕಿರಲಿಲ್ಲ. ಆದರೆ ಸ್ವಾರಸ್ಯ ಇರುವುದು ಗುಣಾಕಾರದ ಲೆಕ್ಕಗಳಲ್ಲಿ. 12345679ನ್ನು 9ರಿಂದ ಗುಣಿಸು ಎನ್ನುತ್ತಾನೆ. 8 ಬಿಟ್ಟುಹೋಗಿರುವುದು ಅಚ್ಚಿನ ತಪ್ಪಲ್ಲ. ಉತ್ತರ 111111111. 142857143ನ್ನು 7ರಿಂದ ಗುಣಿಸಿದರೆ 1000000001: ಎರಡು ತುದಿಗೆ ಎರಡು ಮಣಿ, ನಡುವೆ ಎಂಟು ಸೊನ್ನೆ. 333333666667ನ್ನು 33ರಿಂದ ಗುಣಿಸಿದರೆ 11000011000011. ಯಾವ ತುದಿಯಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಆಚಾರ್ಯ ಕಂಠಿಕೆ ಎಂದ. ರಾಜರ ಕೊರಳಿಗೆ ತಕ್ಕ ಆಭರಣ ಎಂದ.

ಬಿಡಿಸುವ ಶಿಷ್ಯನಿಗೆ ಇದು ಬರೀ ಗುಣಾಕಾರ. ಲೆಕ್ಕ ಹೆಣೆದವನಿಗೆ ಹಾಗಲ್ಲ. ಅವನು ಹಾರವನ್ನು ಮೊದಲು ಕೈಗೆತ್ತಿಕೊಂಡು, ಅದು ಎಲ್ಲಿ ಬಿಚ್ಚುತ್ತದೆಂದು ಹುಡುಕಬೇಕು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು, 11111111. ಈ 73 ಅಂದಾಜಿಗೆ ಸಿಗುವಂಥದ್ದಲ್ಲ. 11111111 ಎಂದರೆ 1111 ಗುಣಿಸು 10001. ಆ 10001 ಒಡೆಯುವುದು 73 ಮತ್ತು 137 ಆಗಿ ಮಾತ್ರ. ಅಪವರ್ತನಗಳ ಹುಡುಕಾಟವಿಲ್ಲದೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಎಲ್ಲಕ್ಕಿಂತ ಚೆಂದದ್ದು 12345654321. ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ ಇದು 111111ರ ವರ್ಗ. ಮಹಾವೀರ ಇದನ್ನು ಪಡೆಯುವುದು 27994681ನ್ನು 441ರಿಂದ ಗುಣಿಸಿ. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ವರ್ಗವನ್ನು ಎರಡು ವರ್ಗಗಳಾಗಿಯೇ ಸೀಳಿದ್ದು ಆಕಸ್ಮಿಕವೆಂದು ನಂಬುವುದು ಕಷ್ಟ.

ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಅವರು ಬಳಸಿದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಪದ್ಯದಲ್ಲಿ ಅಂಕಿಗಳು ಪದಗಳಾಗಿ ಬರುತ್ತವೆ: ಶಶಿ ಎಂದರೆ 1, ಅಗ್ನಿ ಎಂದರೆ 3. ಒಂದು ಪದ ತಪ್ಪಿದರೆ ಲೆಕ್ಕವೇ ಬೇರೆಯಾಗುತ್ತದೆ. ಉಳಿದ ಲೆಕ್ಕಗಳಲ್ಲಿ ಅಂಥ ತಪ್ಪು ಓದುವವನ ಕಣ್ಣು ತಪ್ಪಿಸಬಹುದು, ಕಂಠಿಕೆಗಳಲ್ಲಿ ಆಗದು. 142857143ರ ಕೊನೆಯ 3 ಯಾರದೋ ಕೈಯಲ್ಲಿ 5 ಆಯಿತೆನ್ನಿ, ಏಳರಿಂದ ಗುಣಿಸಿದಾಗ ಬರುವುದು 1000000015. ಹಾರ ಹರಿದದ್ದು ಅಲ್ಲೇ ಕಾಣುತ್ತದೆ.